ಕಪ್ಪಾದ ಮೊಟ್ಟೆಗಳು

"ಬಾಗಿಲು ತೆಗೆದಿದ್ದು ನೀನೇ ತಾನೆ?"

ಅಣ್ಣ ಭೂತಗನ್ನಡಿ ಕೆಳಗಿಟ್ಟ. ಎಲೆಯ ಬೆನ್ನಿಗೆ ಅಂಟಿದ್ದ ಚಿಟ್ಟೆಯ ಮೊಟ್ಟೆಗಳು ಒಂದೂ ಬಿಡದೆ ಕಪ್ಪಾಗಿದ್ದವು. ಕಣಜಗಳು ಅವುಗಳೊಳಗೆ ತಮ್ಮ ಮೊಟ್ಟೆ ಇಟ್ಟಿದ್ದವು. ಇನ್ನು ಅವುಗಳಿಂದ ಕಂಬಳಿಹುಳು ಬರುವುದಿಲ್ಲ. ಒಳಗಿದ್ದುದನ್ನೆಲ್ಲ ತಿಂದು ಬೆಳೆದ ಕಣಜಗಳು, ಸಾಸಿವೆಗಿಂತ ಸಣ್ಣವು, ಚಿಪ್ಪು ಕೊರೆದು ಬರುತ್ತವೆ.

"ನಿನ್ನಾಣೆ ಅಣ್ಣಾ, ಇವತ್ತಿನವರೆಗೂ ನಾನು ಈ ಹೊಸ್ತಿಲು ದಾಟಿಲ್ಲ."

"ಮತ್ತೆ ಆಕಾಶದಿಂದ ಉದುರಿದ್ವಾ? ದಿನಾ ಕಣಜದ ಮಧ್ಯೆ ಇರೋಳು ನೀನು."

ತಂಗಿಗೆ ಪಕ್ಕದ ಕಟ್ಟಡದಲ್ಲಿ ಕೆಲಸ. ಬೆಳೆ ತಿನ್ನುವ ಹುಳುಗಳನ್ನು ಮೊಟ್ಟೆಯಲ್ಲೇ ಮುಗಿಸಲೆಂದು ಅಲ್ಲಿ ಇಂಥ ಕಣಜಗಳನ್ನೇ ಸಾಕುತ್ತಿದ್ದರು.

"ಸಾಕ್ತೀನಿ, ನಿಜ. ಜೇಬಲ್ಲಿ ಹಾಕ್ಕೊಂಡು ತಿರುಗಲ್ಲ."

ಅವನು ನಗಲಿಲ್ಲ. ಆ ಜಾತಿಯ ಚಿಟ್ಟೆ ಬೇರೆಲ್ಲೂ ಉಳಿದಿರಲಿಲ್ಲ. ಹುಲ್ಲುಗಾವಲನ್ನು ಯಂತ್ರಗಳು ಅಗೆಯಲು ಶುರುಮಾಡಿದ ದಿನ, ಗಂಡಿನಿಂದ ಆಗಷ್ಟೇ ಬೇರ್ಪಟ್ಟ ಒಂದೇ ಒಂದು ಹೆಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡಿಬಂದಿದ್ದ.

"ಬಸುರೀನ ಎಷ್ಟು ಜೋಪಾನವಾಗಿ ಕರ್ಕೊಂಡು ಬಂದ್ಯಪ್ಪಾ! ಅತ್ತಿಗೆಗೂ ಇಷ್ಟು ಮಾಡಿರಲಿಲ್ಲ" ಎಂದು ತಂಗಿ ಕಿಟಕಿಯಾಚೆಯಿಂದ ರೇಗಿಸಿದ್ದಳು. "ನಮ್ಮಲ್ಲಾದ್ರೆ ಒಳಗೆ ಬರೋ ಪ್ರತಿ ಹುಳಾನೂ ತಂಪು ಪೆಟ್ಟಿಗೇಲಿಟ್ಟು ಮಲಗಿಸಿ, ಮೈಯೆಲ್ಲ ನೋಡಿ ಆಮೇಲೆ ಬಿಡ್ತೀವಿ."

"ಇವಳ ಮೈ ಮುಟ್ಟೋ ಹಾಗಿಲ್ಲ. ಸುಸ್ತಾಗಿದ್ದಾಳೆ."

ಆಮೇಲೆ ಚಿಟ್ಟೆಯನ್ನಿಟ್ಟ ಕೋಣೆಯ ಕಿಟಕಿ ಸಂದುಗಳಿಗೆ ಮೇಣ ತುಂಬಿದ. ಗಾಳಿಗಂಡಿಗೆ ರೇಷ್ಮೆ ಬಟ್ಟೆ ಬಿಗಿದ. ಹೊರಗಿನ ಬಟ್ಟೆ ಕಳಚಿ, ಮೈ ತೊಳೆದುಕೊಂಡೇ ಒಳಬರುತ್ತಿದ್ದ. ಬಾಗಿಲಿನ ಇನ್ನೊಂದು ಕೀಲಿಕೈ ಮಾತ್ರ ತಂಗಿಯ ಬಳಿ ಇತ್ತು.

"ನಾನಲ್ಲ ಅಂದ್ರೆ ನಂಬಲ್ವಾ?"

"ನಂಬಿದ್ರೆ ಮೊಟ್ಟೆ ಬೆಳ್ಳಗಾಗುತ್ತಾ? ಕೀಲಿಕೈ ಇಟ್ಟು ಹೋಗು. ಇನ್ನು ನನಗೆ ಮುಖ ತೋರಿಸಬೇಡ."

ಅವಳು ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದೂ ನಿಂತಿತು.

ಮೊಟ್ಟೆಯಿಟ್ಟ ತಾಯಿ ಅದಾಗಲೇ ಸತ್ತು ಬಿದ್ದಿತ್ತು. ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಒಣಗಿಸಿದ ಮಾದರಿಯಾಗಿಯಾದರೂ ಇರಲೆಂದು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಚಿಮಟದಿಂದ ಮೆಲ್ಲಗೆ ರೆಕ್ಕೆ ಬಿಡಿಸಿದ.

ರೆಕ್ಕೆಯ ಬುಡದ ರೋಮಗಳನ್ನು ಆರು ಕಾಲುಗಳಿಂದ ತಬ್ಬಿ ಹಿಡಿದಂತೆಯೇ ಒಂದು ಕಣಜ ಸತ್ತಿತ್ತು. ತಾಯಿ ಮೊಟ್ಟೆಯಿಡುವುದನ್ನೇ ಕಾಯುತ್ತ ಹುಲ್ಲುಗಾವಲಿನಿಂದಲೇ ಅವಳ ಬೆನ್ನೇರಿದ್ದ ಸವಾರರಲ್ಲಿ ಇಳಿಯದೆ ಉಳಿದದ್ದು ಅದೊಂದೇ.