ತಾಗಿದೆ, ಆದರೆ ಹೊರಗೆ

“ತಾಗೈತಿ. ಆದರ ಹೊರಗ.”

ವಿರುಪಾಕ್ಷಪ್ಪ ಮಾಸ್ತರರ ತೀರ್ಪು ಮೂರನೆಯ ಸಲವೂ ಅದೇ. ತಾರವ್ವ ಮುಖದ ಜಾಳಿಗೆಯೊಳಗೆ ತುಟಿ ಕಚ್ಚಿದಳು. ಕತ್ತಿಯ ಮೊಂಡು ತುದಿ ಎದುರಾಳಿ ಅಕ್ಕುತಾಯಿಯ ಎದೆ ಮುಟ್ಟಿ ಬಂದದ್ದು ಅವಳ ಮಣಿಕಟ್ಟಿಗೆ ಗೊತ್ತಿತ್ತು. ಮಣಿಕಟ್ಟು ಸುಳ್ಳು ಹೇಳುವುದಿಲ್ಲ.

ಈ ಕತ್ತಿಯಾಟದಲ್ಲಿ ಮುಂಡಕ್ಕೆ ತಾಗಿದರೆ ಮಾತ್ರ ಅಂಕ. ಕೈ, ಕಾಲು, ಮುಖಕ್ಕೆ ತಾಗಿದರೆ ಅದು ‘ಹೊರಗೆ’, ಆಟ ನಿಲ್ಲುತ್ತದೆ. ಅಂಕ ಯಾರಿಗೂ ಇಲ್ಲ, ಮತ್ತೆ ಮೊದಲಿನಿಂದ. ದೊಡ್ಡ ಊರುಗಳಲ್ಲಿ ದೀಪ ಹತ್ತಿಸಿ ತೋರಿಸುವ ಯಂತ್ರವಿರುತ್ತದಂತೆ. ೧೯೯೨ರಲ್ಲಿ, ರಾಯಬಾಗದ ಈ ಮೈದಾನದಲ್ಲಿ, ಇದ್ದದ್ದು ಕಣ್ಣುಗಳು. ಒಬ್ಬೊಬ್ಬಳ ಮೈ ನೋಡಲು ಇಬ್ಬಿಬ್ಬರು. ಮಾಸ್ತರರು “ಏನಪಾ?” ಎಂದು ಕೇಳುತ್ತಾರೆ. ಇಬ್ಬರೂ “ಹೌದ್ರಿ” ಎಂದರೆ ಅಂಕ. ಒಬ್ಬ ಹೌದೆಂದು ಇನ್ನೊಬ್ಬ “ಕಾಣಲಿಲ್ರಿ” ಎಂದರೆ ಮಾಸ್ತರರ ಮಾತೇ ಕೊನೆ.

ಅಕ್ಕುತಾಯಿಯ ಏಟು ನಿಧಾನ. ಕತ್ತಿ ಬಿಲ್ಲಿನಂತೆ ಬಾಗುತ್ತದೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ತಾರವ್ವನದು ಹಾವಿನ ನಾಲಿಗೆ. “ಕೈ ಹೋಗಿದ್ದೂ ಕಾಣಬಾರದು, ಬಂದಿದ್ದೂ ಕಾಣಬಾರದು” ಎಂದು ಮುಗಳಖೋಡದಲ್ಲಿ ಐದು ವರ್ಷ ಕಲಿಸಿದವರು ಇದೇ ಮಾಸ್ತರರು. “ಸಂಶಯ ಬಂದ್ರ ‘ಹೊರಗ’ ಅನ್ನಬೇಕು. ಯಾರಿಗೂ ಅನ್ಯಾಯ ಆಗೂದಿಲ್ಲ” ಎಂದು ತೀರ್ಪಿನ ಪಾಠ ಹೇಳಿದವರೂ ಅವರೇ.

ಆಗ ಅವರು ಸೈಕಲ್ಲಿನ ಮೇಲೆ ಬರುತ್ತಿದ್ದರು. ಇವತ್ತು ಬಂದದ್ದು ಅಕ್ಕುತಾಯಿಯ ಅಪ್ಪ, ದ್ರಾಕ್ಷಿ ತೋಟದ ರಾವಸಾಹೇಬರ ಜೀಪಿನಲ್ಲಿ. ರಾವಸಾಹೇಬರೇ ರಟ್ಟೆ ಹಿಡಿದು ಇಳಿಸಿ, ಕಿವಿಯಲ್ಲಿ ಏನೋ ಹೇಳುತ್ತ, ಸುಣ್ಣದ ಗೆರೆಯವರೆಗೂ ನಡೆಸಿಕೊಂಡು ಬಂದಿದ್ದರು. ತಾರವ್ವ ಕಾಲು ಮುಟ್ಟಿದಾಗ ಮಾಸ್ತರರು ಅವಳ ಮುಖ ನೋಡಲಿಲ್ಲ. ಅವಳ ಭುಜದಾಚೆ ಎಲ್ಲೋ ನೋಡುತ್ತ “ಛಲೋ ಆಡವಾ” ಎಂದಿದ್ದರು.

“ಜೀಪ ಹತ್ತಿದ ಮ್ಯಾಲ ನಾಲಿಗಿನೂ ಅವರದಾ ಆತು!” ಹಗ್ಗದಾಚೆಯಿಂದ ತಾರವ್ವನ ಅವ್ವ ದುಂಡವ್ವ ಕೂಗಿದಳು.

“ಕುರಿ ಕಾಯೂ ಬಡಿಗಿ ಅಲ್ಲ ಬೇ ಅದು, ಎದಿಗೆ ಚುಚ್ಚು!” ಹಿಂದಿನಿಂದ ಯಾರೋ ತಾರವ್ವನಿಗೆ ಕೂಗಿ ನಕ್ಕರು.

“ಗೆದ್ರ ಹಾಸ್ಟೇಲು, ಸೋತ್ರ ಅನಂತಪುರ” ಎಂದಿದ್ದ ಅಪ್ಪ ಭರಮು. ಹಾಸ್ಟೇಲು ಎಂದರೆ ಕ್ರೀಡಾ ಹಾಸ್ಟೇಲು, ಓದು. ಅನಂತಪುರ ಎಂದರೆ ಸೋದರಮಾವ ಮಲಕಾರಿ. ಹೆಂಡತಿ ಸತ್ತವನು, ಇಬ್ಬರು ಮಕ್ಕಳು. ಮದುವೆಯ ಅಕ್ಕಿಕಾಳು ಬೀಳುವ ದಿನವೂ ಗೊತ್ತಾಗಿತ್ತು.

ನಾಲ್ಕು–ನಾಲ್ಕು. ಗೆಲುವಿಗೆ ಇನ್ನೊಂದು ಅಂಕ.

ತಾರವ್ವ ಸೊಂಟದ ಗಂಟು ಬಿಚ್ಚಿ, ಚಿಟಿಕೆ ಭಂಡಾರವನ್ನು ಕತ್ತಿಯ ತುದಿಗೆ ಒತ್ತಿದಳು. ಕುರಿ ಬಿಡುವ ಮುಂಚೆ ಬಡಿಗೆಗೆ ಅರಿಸಿನದ ಭಂಡಾರ ಹಚ್ಚುವುದು ಮನೆಯ ರೂಢಿ. ಮಾಸ್ತರರು ತಲೆ ಒಂದು ಕಡೆ ವಾಲಿಸಿ ನಿಂತಿದ್ದರು. ಅವಳು ಹಾರಿದಳು. ಟಕ್ ಎಂದಿತು.

“ಏನಪಾ?”

“ಹೌದ್ರಿ.”

“ಕಾಣಲಿಲ್ರಿ.”

ಮಾಸ್ತರರು ವಾಲಿಸಿದ್ದ ತಲೆಯನ್ನು ನೆಟ್ಟಗೆ ಮಾಡಿದರು.

“ತಾಗೈತಿ. ಆದರ ಹೊರಗ.”

ಮತ್ತೆ ಆಟ ಶುರುವಾದಾಗ ತಾರವ್ವ ಕತ್ತಿ ಎತ್ತಿದ್ದು ತಡವಾಯಿತು. ಅಕ್ಕುತಾಯಿಯ ಕತ್ತಿ ನಿಧಾನವಾಗಿ ಬಂದು, ಅವಳ ಹೊಟ್ಟೆಯ ಮೇಲೆ ಕಮಾನಾಯಿತು.

“ಹೌದ್ರಿ.” “ಹೌದ್ರಿ.”

ಅಕ್ಕುತಾಯಿ ಕಳಚಿದ ಬಿಳಿ ಅಂಗಿಯನ್ನು ತಾರವ್ವ ಎತ್ತಿಕೊಂಡಳು. ಎದೆಯ ಎಡಕ್ಕೆ, ಗುಂಡಿಗೆಯ ನೇರಕ್ಕೆ, ಕಾಳಿನಷ್ಟು ಹಳದಿ. ಅದನ್ನು ಮಾಸ್ತರರ ಮೇಜಿನ ಮೇಲೆ ಹರವಿದಳು.

“ನೋಡ್ರಿ ಸರ್, ಭಂಡಾರ ಎಲ್ಲಿ ಹತ್ತೈತಿ.”

ಮಾಸ್ತರರು ಬಟ್ಟೆಯ ಮೇಲೆ ಮೆಲ್ಲಗೆ ಅಂಗೈ ಆಡಿಸಿ, ಪಕ್ಕಕ್ಕೆ ಸರಿಸಿದರು. “ಅಂಗಿ ಸಾಕ್ಷಿ ಅಲ್ಲ ತಂಗಿ. ನಾ ಕಂಡಿದ್ದಾ ಸಾಕ್ಷಿ.”

“ಏನ ಕಂಡ್ರಿ?”

ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

ಮೊದಲು ಅಕ್ಕುತಾಯಿಯ ಪ್ರಮಾಣಪತ್ರ. ರಾವಸಾಹೇಬರು ಮಾಸ್ತರರ ಕೈಯನ್ನೇ ಹಿಡಿದೆಳೆದು, “ಇಲ್ಲಿ ಮಾಸ್ತರ” ಎಂದು ಕಾಗದದ ಮೇಲೆ ಬೆರಳಿಟ್ಟರು. ಅಷ್ಟು ಸಲಿಗೆ! ಸಹಿಯಾಯಿತು. ಅವರು ಹಾರ ಹಿಡಿದು ಮಗಳತ್ತ ಓಡಿದರು.

ನಂತರ ತಾರವ್ವನದು, ಎರಡನೆಯ ಸ್ಥಾನದ್ದು. ಮೇಜಿನ ಬಳಿ ಅವಳೊಬ್ಬಳೇ. ಅವಳು ಕಾಗದ ಇಟ್ಟು ಬೇರೆಡೆ ಮುಖ ತಿರುಗಿಸಿದಳು. ನಿಬ್ಬು ಕರಕರ ಎಂದಿತು. ಮಾಸ್ತರರು ಉಫ್ ಎಂದು ಊದಿ, ತಡವಿ ಎತ್ತಿ, ಎರಡೂ ಕೈಯಿಂದ ಕೊಟ್ಟರು.

“ಬರೂ ವರ್ಷ ನಾ ರಿಟೈರ ಆಗತೇನಿ. ನೀ ಆಟ ಬಿಡಬ್ಯಾಡವಾ.”

ಬರುವ ವರ್ಷ! ಹರಿದು ಮುಖಕ್ಕೆ ಎಸೆಯಬೇಕೆಂದು ತಾರವ್ವ ಕಾಗದವನ್ನು ಎರಡು ಕೈಯಲ್ಲಿ ಹಿಡಿದಳು. ಸಹಿಯ ಜಾಗ ಖಾಲಿಯಿತ್ತು.

ಮೇಜಿನ ಬಿಳಿ ಬಟ್ಟೆಯ ಮೇಲೆ, ಕಾಗದ ಇದ್ದಲ್ಲಿಂದ ನಾಲ್ಕು ಬೆರಳು ಹೊರಗೆ, ಮಾಸ್ತರರ ಪೂರ್ತಿ ಹೆಸರು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.