ಮಾವನ ಜೇನು

ಮಾವ ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಎದುರಿಗೆ ಕೂತಿದ್ದ ಅಳಿಯ ಉಸಿರು ಬಿಗಿಹಿಡಿದ. ಮನೆಯಲ್ಲೇ ಬಿಯರ್ ತಯಾರಿಸುವ ಹುಚ್ಚು ಅವನಿಗೆ ಹೊಸದಲ್ಲ. ಆದರೆ ಕುಡಿಯುವವರ ಮುಖ ನೋಡಿ ಬೆವರಿದ್ದು ಇದೇ ಮೊದಲು.

"ಎಲ್ಲಿ?" ಎಂದರು ಮಾವ, ನುಂಗಿ.

"ಏನು ಮಾವ?"

"ನನ್ನ ಜೇನು."

ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ, ಮಾವ ಸಾಕಿದ ಜೇನಿನ ತುಪ್ಪವನ್ನು ಬ್ರೆಡ್ಡಿಗೆ ಸವರಿಕೊಳ್ಳುತ್ತಾ ಅಳಿಯ, "ಅಂಗಡೀದಕ್ಕೂ ಇದಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ" ಅಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷ ಹುಳುಗಳಿಂದ ಕುಟುಕಿಸಿಕೊಂಡು ಬೆರಳು ದಪ್ಪಗಾಗಿದ್ದ ಮನುಷ್ಯ ಎದ್ದು ಹೋದವರು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಮಗಳು ಅತ್ತೂ ಕರೆದೂ ಸಾಕಾದ ಮೇಲೆ, ಎರಡು ತಿಂಗಳ ಹಿಂದೆ ಒಂದು ದೊಡ್ಡ ಬಾಟಲಿ ಜೇನು ಬಂತು. ಜೊತೆಗೊಂದು ಚೀಟಿ: "ನಿನ್ನ ಗಂಡನ ಬಿಯರಿಗೆ. ರುಚಿ ನೋಡಲು ಬರುತ್ತೇನೆ."

ಅಳಿಯ ಅಷ್ಟನ್ನೂ ಸುರಿದಿದ್ದ. ಬಾಟಲಿಗೆ ಬಿಸಿನೀರು ಹಾಕಿ ಕುಲುಕಿ, ಆ ನೀರನ್ನೂ ಬಿಟ್ಟಿರಲಿಲ್ಲ. ಆದರೆ ಎಲ್ಲವನ್ನೂ ಮೊದಲ ದಿನವೇ ಸುರಿದದ್ದು ತಪ್ಪಾಯಿತು. ಈಸ್ಟಿಗೆ ಜೇನೆಂದರೆ ಪ್ರಾಣ. ವಾರಗಟ್ಟಲೆ ಕೂತು ಸಿಹಿಯನ್ನೆಲ್ಲ ತಿಂದು ತೇಗಿ, ಬಿಯರಿನಲ್ಲಿ ಬರೀ ಅಮಲು ಉಳಿಸಿತ್ತು.

"ಪೂರ್ತಿ ಹಾಕಿದ್ದೀನಿ ಮಾವ. ಈಸ್ಟು ತಿಂದುಬಿಟ್ಟಿದೆ."

"ನಾನು ಕೊಟ್ಟಿದ್ದು ಅಳಿಯನಿಗೆ, ತಿಂದಿದ್ದು ಇನ್ಯಾರೋ!" ಮಾವ ಗ್ಲಾಸು ಸರಿಸಿ ಊರುಗೋಲಿಗೆ ಕೈ ಹಾಕಿದರು. "ಎಸೆದುಬಿಟ್ಟೆ ಅಂತ ನೇರವಾಗಿ ಹೇಳಿಬಿಡಿ."

"ಅಪ್ಪಾ, ಕೂತ್ಕೊಳ್ಳಿ. ಜೇನು ತಳದಲ್ಲಿ ಕೂತಿರುತ್ತೆ, ಕಲಕಿ ಕೊಡ್ಬೇಕು. ಇವರಿಗೆ ಅಷ್ಟೂ ಗೊತ್ತಾಗಲ್ಲ," ಎಂದು ಹೆಂಡತಿ ಗ್ಲಾಸು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅಳಿಯನ ಜಾಗದಿಂದ ಕಪಾಟು ಕಾಣುತ್ತಿತ್ತು. ಅವಳು ಅಂಗಡಿಯ ಜೇನಿನ ಪ್ಲಾಸ್ಟಿಕ್ ಬಾಟಲಿ ತೆಗೆದಳು. ಮಾವ ಸಕ್ಕರೆ ಪಾಕ ಎಂದು ಬೈಯುವ ಅದೇ ಬಾಟಲಿ. ತಲೆಕೆಳಗು ಮಾಡಿ ಗ್ಲಾಸಿಗೆ ಎರಡು ಸಲ ಹಿಂಡಿ ಕಲಕಿದಳು.

ಮಾವ ಒಲ್ಲದ ಮನಸ್ಸಿನಿಂದ ಒಂದು ಗುಟುಕು ಕುಡಿದರು. ಮುಖ ಅರಳಿತು. ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿದರು.

"ಇದು ನೋಡಿ ನನ್ನ ಹುಳುಗಳ ಕೆಲಸ! ಹೂವಿನ ಘಮ ಹೇಗೆ ಬರ್ತಿದೆ! ಈ ನಾಲಿಗೆಗೆ ಮೋಸ ಮಾಡೋಕಾಗುತ್ತಾ?" ಮೀಸೆ ಒರೆಸಿಕೊಂಡು ಮುಂದಕ್ಕೆ ಬಾಗಿದರು. "ಈಗ ಹೇಳಿ ಅಳಿಯಂದ್ರೇ, ಅಂಗಡೀದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಯ್ತಾ?"

ಅಳಿಯನ ಬಾಯಲ್ಲಿ ಬಿಸಿ ತುಪ್ಪ. ಅವನ ಮಾತು ನಿಜವೆಂದು ಎರಡು ವರ್ಷದ ಮೇಲೆ ಸಾಬೀತಾಗಿತ್ತು, ಅದೂ ಮಾವನ ನಾಲಿಗೆಯಿಂದಲೇ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಕಣ್ಣಲ್ಲೇ ಕೈ ಮುಗಿದಳು.

"ಗೊತ್ತಾಯ್ತು ಮಾವ. ಅವತ್ತು ನಂದೇ ತಪ್ಪು."

ಮಾವನ ಕಣ್ಣು ತುಂಬಿಬಂತು. ದಪ್ಪ ಬೆರಳುಗಳಿಂದ ಅಳಿಯನ ಭುಜ ತಟ್ಟಿ, ಖಾಲಿ ಗ್ಲಾಸನ್ನು ಮಗಳತ್ತ ಚಾಚಿದರು.

"ಇನ್ನೊಂದು ಕೊಡಮ್ಮಾ. ಚೆನ್ನಾಗಿ ಕಲಕು."