ಮೂವತ್ತೊಂದು ಮೈಲಿಯ ನದಿ

“ಉದ್ದ ಎಷ್ಟು?”

“ಮೂವತ್ತೊಂದು ಮೈಲಿ.”

“ವರ್ಷಕ್ಕೆ ಎಷ್ಟು ದಿನ ನೀರು?”

ಋಷಿ ತಡವರಿಸಿದ. “ಹದಿನೈದು?”

“ನೈನ್ ಡೇಸ್. ಹತ್ತು ಸಲ ಬರಿ.”

ಒಂದು ತಪ್ಪಿಗೆ ಹತ್ತು ಸಲ. ಅದು ಆ ಮನೆಯ ನಿಯಮ. ಋಷಿ ಹಲ್ಲು ಕಚ್ಚಿ ಬರೆದ. ಕ್ಯಾಂಟನ್ ಊರಿನ ಆ ಬೇಸ್‌ಮೆಂಟಿನಲ್ಲಿ ಬೆಳಗಿನಿಂದ ಕೂತು ಕೂತು ಬೆನ್ನು ಹಿಡಿದುಕೊಂಡಿತ್ತು. ಎದುರಿಗೆ ಎತ್ತರದ ಸ್ಟೂಲಿನ ಮೇಲೆ ಸುಹಾಸಿನಿ, ಕೈಯಲ್ಲಿ ಕಾರ್ಡುಗಳ ಕಟ್ಟು ಹಿಡಿದು ಕಾಲಾಡಿಸುತ್ತಿದ್ದಳು. ಮುಖದಲ್ಲಿ ಕರುಣೆಯ ಸುಳಿವಿಲ್ಲ. ಆ ಹೊತ್ತಿಗೆ ಅವಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

2009ರ ಮಾರ್ಚ್. ಬೀದಿಯ ಮೂರು ಮನೆಗಳ ಮುಂದೆ ಮಾರಾಟದ ಫಲಕ. ಋಷಿಯನ್ನು ಈಗಾಗಲೇ ಎರಡು ಕಡೆ ಮೊದಲ ಸುತ್ತಿನಲ್ಲೇ ಕೈಬಿಟ್ಟಿದ್ದರು. ನಾಳೆ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಮೂರನೆಯದು. ನಲವತ್ತು ಜನರಲ್ಲಿ ಆರಿಸುವುದು ಒಬ್ಬರನ್ನೇ. ಮರುಭೂಮಿಯ ಕರಾವಳಿಯ ಆ ಪುಟ್ಟ ನದಿಯ ಬಗ್ಗೆ ಖಂಡಿತ ಕೇಳುತ್ತಾರೆ.

ಬೋಳು ಗುಡ್ಡದಲ್ಲಿ ಹುಟ್ಟಿ, ಹಳದಿ ಬಯಲಿನಲ್ಲಿ ಒಣಗಿ ಮಲಗುವ ನದಿ. ಅವನು ಅದನ್ನು ಕಣ್ಣಾರೆ ಕಂಡವನಲ್ಲ. ನೀರೇ ಇಲ್ಲದ ನದಿಯನ್ನು ಇಷ್ಟು ಓದಬೇಕೇ ಎಂದು ಗೊಣಗಿದ.

“ಸಮುದ್ರ ಸೇರುತ್ತಾ?”

“ಜೋರು ಮಳೆ ಬಂದ್ರೆ ಮಾತ್ರ. ಇಲ್ದಿದ್ರೆ ಮರಳಿನ ದಿಬ್ಬ ಅಡ್ಡ ಇರುತ್ತೆ.”

“ಮಿಕ್ಕ ದಿನ ನೀರೆಲ್ಲಿ?”

“ಮರಳಿನ ಕೆಳಗೆ. ಆರು ಅಡಿ.”

“ಇಲೆವೆನ್ ಫೀಟ್. ಮತ್ತೆ ಹತ್ತು ಸಲ.”

ಮೇಲಿನ ಮೆಟ್ಟಿಲಿಂದ ಶೈಲಾಳ ದನಿ ಬಂತು. “ಪಾಪ, ಊಟಕ್ಕಾದ್ರೂ ಬಿಡೇ.”

“ಮುಗಿಯೋವರೆಗೂ ಊಟ ಇಲ್ಲ,” ಎಂದಳು ಸುಹಾಸಿನಿ.

ಋಷಿ ಪೆನ್ಸಿಲ್ ಎಸೆದ. “ನನ್ನ ಕೈಲಾಗಲ್ಲ. ಹತ್ತು ಸಲ ಬರೆದ್ರೆ ತಲೇಲಿ ಉಳಿಯುತ್ತೆ ಅಂತ ಯಾವ ಮೂರ್ಖ ಹೇಳ್ದ?”

ಸುಹಾಸಿನಿ ಸ್ಟೂಲಿನಿಂದ ಕೆಳಗೆ ಜಿಗಿದಳು. ಕಪಾಟಿನಿಂದ ತನ್ನ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಅವನ ಮುಂದೆ ಬಿಡಿಸಿಟ್ಟಳು. ಪುಟಪುಟಕ್ಕೂ ನದಿಗಳ ಹೆಸರು, ಒಂದೊಂದೂ ಹತ್ತು ಸಲ. ಕೆಲವು ಕಡೆ ಕಣ್ಣೀರ ಹನಿ ಬಿದ್ದು ಶಾಯಿ ಹರಡಿತ್ತು. ಋಷಿ ಅದನ್ನು ನೋಡಿ ತಲೆ ತಗ್ಗಿಸಿದ. ಅವಳು ಪೆನ್ಸಿಲ್ ಹೆಕ್ಕಿ ಅವನ ಕೈಗಿಟ್ಟಳು.

“ಹೋದ್ವರ್ಷ ನನ್ನ ಜಿಯಾಗ್ರಫಿ ಬೀ ಸ್ಪರ್ಧೆಗೆ ಓದಿಸ್ವಾಗ ನೀನೇ ಹೇಳಿದ್ದು, ಅಪ್ಪ,” ಎಂದಳು ಹನ್ನೊಂದರ ಹುಡುಗಿ. “ಬರಿ. ನಾಳೆ ಇಂಟರ್ವ್ಯೂಲಿ, ಈ ನದಿ ಪ್ರಾಜೆಕ್ಟ್ ಮಾಡೋ ಆ ವಾಟರ್ ಕಂಪನಿ ಕೆಲಸ ನಿಂಗೇ ಸಿಗ್ಬೇಕು.”